ಅತ್ಯಾನ ಕಾರಿಗೆ ಹಾಕಿದ ಹೊಸ ಕಾರ್ಬ್ಯುರೇಟರ್

ಹೋದ ವಾರ ಮಾನ್ವಿಯ ನಮ್ಮ ಮನೆಯ ಕಿಟಕಿಗಳಿಗೆ ಬಣ್ಣ ಹಚ್ಚಲು ಬಂದಾತ ಸಂಜೆ ಕೆಲಸ ಮುಗಿಸಿ, ಬ್ರಷ್ಷುಗಳನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ನೆನೆಹಾಕಿ ಪಡಸಾಲೆಯಲ್ಲೇ ಬಿಟ್ಟು ಹೋಗಿದ್ದ. ಬೆಳಿಗ್ಗೆ ಬಾಗಿಲು ತೆರೆದೆ, ಆ ವಾಸನೆ ಮುಖಕ್ಕೆ ಬಡಿಯಿತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಅರವತ್ತರ ಹತ್ತಿರ ಬಂದ ಹೆಂಗಸು, ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವಳು, ಒಂದು ಡಬ್ಬಿ ಎಣ್ಣೆಗೆ ಹೀಗೆ ಆಗುವುದು ನೋಡಿದವರಿಗೆ ನಗು ತರಿಸೀತು. ಬಾಲ್ಯ ಎಂದರೆ ನಿಮಗೆ ಹೊಸ ಪುಸ್ತಕದ ವಾಸನೆಯೋ ಹುರಿದ ಶೇಂಗಾದ ವಾಸನೆಯೋ ನೆನಪಾಗುತ್ತಿದ್ದರೆ ಅದು ನಿಮ್ಮ ಪುಣ್ಯ. ಪೆಟ್ರೋಲಿನ ವಾಸನೆ ಕೆಲವರಿಗೆ ಹಿತ. ಸೀಮೆಎಣ್ಣೆಯ ವಾಸನೆಯಲ್ಲಿ ಓದಿನ ದೀಪ, ಅಡುಗೆಮನೆಯ ಸ್ಟೋವು ನೆನೆಯುವವರೂ ಇದ್ದಾರೆ. ನನಗೆ ಇವೆರಡೂ ಬೇರೆ ಬೇರೆಯಾಗಿ ನೆನಪಾಗುವುದೇ ಇಲ್ಲ. ಎರಡೂ ಬೆರೆತರೆ ಮೂರನೆಯ ಒಂದು ವಾಸನೆ ಹುಟ್ಟುತ್ತದೆ. ಅದು ನಮ್ಮಪ್ಪನ ಮೈಯ ವಾಸನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ದೇವದುರ್ಗದ ಊರ ಹೊರಗೆ, ರಾಯಚೂರಿನ ಕಡೆಗೆ ಹೋಗುವ ರಸ್ತೆಗೆ ನಮ್ಮ ಪೆಟ್ರೋಲ್ ಪಂಪು ಇತ್ತು. ಅದರ ಬೆನ್ನಿಗೇ ನಮ್ಮ ಮನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಅಂಗಳ, ಅಂಗಳದಲ್ಲಿ ತುಳಸಿಕಟ್ಟೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಇಟ್ಟರೆ ಅವೂ ಆ ವಾಸನೆಯನ್ನು ಹೀರಿಕೊಂಡು ಒಣಗುತ್ತಿದ್ದವು. ನಮ್ಮಪ್ಪ ಪ್ರಲ್ಹಾದರಾಯ ಊರಿನಲ್ಲಿ ಆಚಾರವಂತನೆಂದು ಹೆಸರಾದವನು. ಚಳಿಗಾಲದಲ್ಲೂ ತಣ್ಣೀರು ಸ್ನಾನ, ಮಡಿ, ಹನ್ನೆರಡು ಕಡೆ ಗೋಪೀಚಂದನ, ಎರಡು ತಾಸು ಪೂಜೆ. ಹೋಟೆಲಿನ ನೀರನ್ನೂ ಮುಟ್ಟುತ್ತಿರಲಿಲ್ಲ. ಪೂಜೆ, ಊಟ ಎಲ್ಲ ಮುಗಿದು, ಮಧ್ಯಾಹ್ನದ ಬಿಸಿಲಿಗೆ ರಸ್ತೆಯಲ್ಲಿ ಗಾಡಿಗಳು ಕಡಿಮೆಯಾದಾಗ ಪಂಪಿನ ಆಳು ಭೀಮಣ್ಣನನ್ನು ಕರೆದು, ಹಿಂದಿನ ಕೋಣೆಯಿಂದ ಸೀಮೆಎಣ್ಣೆಯ ಬ್ಯಾರಲ್ಲುಗಳನ್ನು ಉರುಳಿಸಿ ತರಿಸಿ, ನೆಲದೊಳಗಿನ ಪೆಟ್ರೋಲ್ ಟ್ಯಾಂಕಿಗೆ ಸುರಿಸುತ್ತಿದ್ದ. ಚಿಕ್ಕವಳಿದ್ದಾಗ ಒಮ್ಮೆ ಅದೇನೆಂದು ಕೇಳಿದ್ದೆ. “ಪೆಟ್ರೋಲಿಗೆ ಔಷಧ ಹಾಕ್ಲಿಕತ್ತೀವಿ, ನೀ ಒಳಗ ಹೋಗು” ಅಂದಿದ್ದ. ನಾನು ನಂಬಿದ್ದೆ. ನನ್ನ ಗೆಳತಿಯರ ತಾಯಂದಿರು ರೇಷನ್ ಅಂಗಡಿಯ ಮುಂದೆ ಡಬ್ಬಿ ಹಿಡಿದು ನಿಂತು, ಎಣ್ಣೆ ಬಂದಿಲ್ಲವೆಂದು ಹೇಳಿಸಿಕೊಂಡು ಹಿಂದಿರುಗುವುದನ್ನು ನೋಡಿದ ಮೇಲೆ, ಹತ್ತು ವರ್ಷದವಳಿಗೆ ತಿಳಿಯಬೇಕಾದಷ್ಟು ತಿಳಿಯಿತು. ಅಮ್ಮನಿಗೂ ತಿಳಿದಿತ್ತು. ಅಪ್ಪನ ಧೋತರಗಳನ್ನು ಆಕೆ ಬೇರೆ ಬಕೀಟಿನಲ್ಲಿ ಒಗೆಯುತ್ತಿದ್ದಳು. ನನಗೆ ಹೇಸಿಗೆ ಹತ್ತಿದ್ದು ಮೊದಲು ಅಪ್ಪನ ಬೆರಳುಗಳ ಮೇಲೆ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದುಬಿಡುತ್ತಿದ್ದ ಆ ಜಿಡ್ಡು. ಅದೇ ಬೆರಳಿನಿಂದ ನನ್ನ ಅಂಗೈಗೆ ತೀರ್ಥ ಹಾಕುತ್ತಿದ್ದ. ಅದೇ ಬೆರಳಿನಿಂದ ಅನ್ನ, ತೊವ್ವೆ, ತುಪ್ಪ ಕಲಸಿ ಮೊಣಕೈವರೆಗೆ ಸುರಿಸಿಕೊಂಡು ಉಣ್ಣುತ್ತಿದ್ದ. ನಾನು ತಲೆ ತಗ್ಗಿಸಿ ನನ್ನ ಎಲೆಯನ್ನಷ್ಟೇ ನೋಡುತ್ತಿದ್ದೆ.

ಆ ಮನೆಯಿಂದ ತಪ್ಪಿಸಿಕೊಳ್ಳಲು ನನಗಿದ್ದ ಜಾಗ ಅತ್ಯಾನ ಮನೆ. ಅತ್ಯಾ ಎಂದರೆ ಅಪ್ಪನ ಅಕ್ಕ ಸುಶೀಲಾಬಾಯಿ, ಊರಿನವರ ಬಾಯಲ್ಲಿ ಡಾಕ್ಟರಮ್ಮ. ಹೈದರಾಬಾದಿನಲ್ಲಿ ಓದಿದವಳು. ಗಂಡನೂ ಡಾಕ್ಟರ್ ಆಗಿದ್ದ, ಮದುವೆಯಾಗಿ ಆರು ವರ್ಷಕ್ಕೆ ತೀರಿಕೊಂಡ. ಅವನ ಪುಸ್ತಕಗಳನ್ನೂ ಅವನ ಕಾರನ್ನೂ ತೆಗೆದುಕೊಂಡು ಬಂದು ದೇವದುರ್ಗದ ಕೋಟೆಯ ಹತ್ತಿರ ಸಣ್ಣ ದವಾಖಾನೆ ತೆರೆದಿದ್ದಳು. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ ಜನ ಬರುತ್ತಿದ್ದದ್ದು ಅವಳ ಬಾಗಿಲಿಗೆ. ಕಾರು ಕಪ್ಪು ಬಣ್ಣದ ವಿಲಾಯತಿ ಮಾಲು, ನನಗಿಂತ ಹತ್ತಾರು ವರ್ಷ ದೊಡ್ಡದು. ಗುಂಡಗಿನ ಬೆನ್ನು, ಒಳಗೆ ಹರಿದ ಚರ್ಮದ ಸೀಟು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಂದೆ ಬಗ್ಗಿ ಹ್ಯಾಂಡಲ್ ತಿರುವಿ, ಎಂಜಿನ್ನು ಎದ್ದ ಕೂಡಲೇ ಓಡಿ ಬಂದು ಒಳಗೆ ಕೂರುವ ಅತ್ಯಾನನ್ನು ನೋಡಲು ಓಣಿಯ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಆದರೆ ಕಾರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಎಬ್ಬಿಸಲು ಅರ್ಧ ತಾಸು. ಏರು ಬಂದರೆ ಕೆಮ್ಮುತ್ತಾ ಎಳೆಯುತ್ತಾ ನಿಂತೇಬಿಡುತ್ತಿತ್ತು. ಎಷ್ಟೋ ಸಲ ನಾನೂ ಇಳಿದು ತಳ್ಳಿದ್ದೇನೆ.

ರಾಯಚೂರಿನಿಂದ ಖಾಜಾ ಮಿಸ್ತ್ರಿ ಬಂದು ನೋಡಿದರು. ಹಳೆಯ ವಿಲಾಯತಿ ಗಾಡಿಗಳ ರಿಪೇರಿ ಬಲ್ಲವರು ಆ ಜಿಲ್ಲೆಯಲ್ಲಿ ಅವರೊಬ್ಬರೇ ಎಂದು ಅತ್ಯಾ ಹೇಳುತ್ತಿದ್ದಳು. ಐವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಮನುಷ್ಯ. ಮನೆಯಲ್ಲಿ ದಖನಿ ಮಾತು, ನಮ್ಮ ಜೊತೆ ನಿಧಾನದ ಕನ್ನಡ. ಎಂಜಿನ್ನಿನ ಮಗ್ಗುಲಿನಿಂದ ಮುಷ್ಟಿಯಷ್ಟು ದೊಡ್ಡ ಒಂದು ಭಾಗವನ್ನು ಬಿಚ್ಚಿ ತೆಗೆದು ನನಗೆ ತೋರಿಸಿ, ಗಾಳಿಯನ್ನೂ ಪೆಟ್ರೋಲನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬ್ಯುರೇಟರ್ ಇದೇ ಎಂದು ಹೇಳಿಕೊಟ್ಟರು. ಆಮೇಲೆ ಅದರ ನಡುವಿನ ಕಡ್ಡಿಯನ್ನು ಅಲುಗಾಡಿಸಿದರು. ಹಾಲುಹಲ್ಲಿನ ಹಾಗೆ ಅಲುಗಿತು.

“ಅಮ್ಮಾ, ಇದು ಸವೆದು ಹೋಗ್ಯದ. ಸಂದ್ಯಾಗ ಗಾಳಿ ನುಗ್ಗಾಕತ್ತದ. ನಾ ಎಷ್ಟು ಸಲ ಬಿಚ್ಚಿ ತೊಳದ್ರೂ ಇದು ಕೆಮ್ಮೂದು ಬಿಡಂಗಿಲ್ಲ.”

“ಹಂಗಾರ ಹೊಸಾದು ಹಾಕ್ರಿ ಮಿಸ್ತ್ರಿ.”

“ಇದರದು ಈಗ ಎಲ್ಲೂ ಸಿಗಂಗಿಲ್ಲ. ಈಗಿನ ದೇಶಿ ಗಾಡಿದು ಒಂದು ದೊಡ್ಡ ಕಾರ್ಬೇಟರ್ ಸಿಗತದ. ತಾನಾಗಿ ಕೂಡಂಗಿಲ್ಲ ಅದು. ನಾ ಕೂಡಸ್ಬೇಕು.”

ಎರಡು ವಾರದ ಮೇಲೆ ಅದನ್ನು ಹಳೆಯ ಲುಂಗಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ದವಾಖಾನೆಯ ಹಿಂದಿನ ಬೇವಿನ ಮರದ ಕೆಳಗೆ ಎರಡು ದಿನ ಕೆಲಸ ನಡೆಯಿತು. ಬೇಸಿಗೆ ರಜೆ, ನಾನು ಅಲ್ಲಿಂದ ಅಲುಗಲಿಲ್ಲ. ಹೊಸದರ ಬೋಲ್ಟಿನ ತೂತುಗಳು ಹಳೆಯ ಎಂಜಿನ್ನಿಗೆ ಹೊಂದಲಿಲ್ಲ. ಮಿಸ್ತ್ರಿ ಬೆರಳು ದಪ್ಪದ ಅಲ್ಯುಮಿನಿಯಂ ತುಂಡೊಂದನ್ನು ಅರದಿಂದ ಉಜ್ಜಿ ಉಜ್ಜಿ ನಯಮಾಡಿ, ನಡುವೆ ದೊಡ್ಡ ತೂತು ಕೊರೆದು, ಕೆಳಗಿನ ಅಳತೆ ಎಂಜಿನ್ನಿಗೆ ಮೇಲಿನ ಅಳತೆ ಕಾರ್ಬ್ಯುರೇಟರಿಗೆ ಕೂಡುವಂತೆ ಮಾಡಿದರು. ನಡುವಿನ ಪ್ಯಾಕಿಂಗನ್ನು ದಪ್ಪ ಕಾಗದದಲ್ಲಿ ಕತ್ತರಿಸಿದರು. ಕಾಲಿನ ಪೆಡಲಿಗೆ ಸೇರುವ ಸರಳು ಗಿಡ್ಡವಾಯಿತೆಂದು ಸೈಕಲ್ಲಿನ ಕಡ್ಡಿಯೊಂದನ್ನು ಬಗ್ಗಿಸಿ ಕೂಡಿಸಿದರು. ಒಳಗೆ ಪೆಟ್ರೋಲ್ ಹಾಯುವ ಸಣ್ಣ ಹಿತ್ತಾಳೆಯ ಜೆಟ್ಟನ್ನು ಸೂರ್ಯನಿಗೆ ಹಿಡಿದು, ಅದರ ಕೂದಲೆಳೆಯಷ್ಟು ತೂತಿನಲ್ಲಿ ನನ್ನ ಕಣ್ಣು ಇಡಿಸಿದರು. “ನೋಡು ಬೇಟಿ, ಇಷ್ಟ ಸಣ್ಣ ದಾರಿ. ಒಂದು ಕಸ ಸಿಕ್ಕರ ಗಾಡಿ ಖಲಾಸ್” ಅಂದರು. ಎಂಜಿನ್ನು ಶುರುವಾದ ಮೇಲೂ ಎಲ್ಲೋ ಗಾಳಿ ಸೋರುವ ಸಣ್ಣ ಸದ್ದು. ಎಲ್ಲಿಂದ ಎಂದು ಅವರಿಗೆ ಸಿಗಲಿಲ್ಲ. ಅತ್ಯಾ ಒಳಗೆ ಹೋಗಿ ತನ್ನ ಸ್ಟೆತೊಸ್ಕೋಪ್ ತಂದುಕೊಟ್ಟಳು. ಮಿಸ್ತ್ರಿ ಕೈ ಹಿಂದಕ್ಕೆ ಎಳೆದುಕೊಂಡರು.

“ಯಾಕ್ರಿ? ನಾ ಮನಷ್ಯಾರ ಎದಿ ಕೇಳ್ತೀನಿ, ನೀವು ಇದರ ಎದಿ ಕೇಳ್ರಿ.”

ಕೈಯನ್ನು ಲುಂಗಿಗೆ ಮೂರು ಸಲ ಒರೆಸಿಕೊಂಡು ಅದನ್ನು ಕಿವಿಗೆ ಹಾಕಿಕೊಂಡರು. ಪ್ಯಾಕಿಂಗಿನ ಅಂಚಿನ ಸುತ್ತ ತಿರುಗಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ ನಕ್ಕರು. ಆ ಬೋಲ್ಟನ್ನು ಕಾಲು ಸುತ್ತು ಬಿಗಿದರು, ಸದ್ದು ನಿಂತಿತು. ಆ ಹೊತ್ತಿಗೆ ಅಪ್ಪ ಯಾವುದೋ ಕೆಲಸಕ್ಕೆಂದು ಬಂದವನು, ಅತ್ಯಾ ತಾನು ಕುಡಿಯುವ ಕಪ್ಪುಬಸಿಯಲ್ಲೇ ಮಿಸ್ತ್ರಿಗೆ ಚಹಾ ಕೊಟ್ಟದ್ದನ್ನು ನೋಡಿ ಮುಖ ಹಿಂಡಿಕೊಂಡ. ಮನೆಗೆ ಹೋಗಿ ಸ್ನಾನ ಮಾಡಿದನೆಂದು ಅಮ್ಮ ಹೇಳಿದಳು.

ಮರುದಿನ ಮಿಸ್ತ್ರಿಯನ್ನು ರಾಯಚೂರಿಗೆ ಬಿಟ್ಟು, ಅಲ್ಲಿಂದ ಅತ್ಯಾ ನನ್ನನ್ನು ದೇವಸುಗೂರಿಗೆ ಕರೆದುಕೊಂಡು ಹೋದಳು. ಕಾರು ಒಂದು ಸಲಕ್ಕೂ ಕೆಮ್ಮಲಿಲ್ಲ. ಏರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಿದಾಗ ಅತ್ಯಾ ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ಸೂಗೂರೇಶ್ವರನಿಗೆ ಕೈಮುಗಿದು, ಕೃಷ್ಣೆಯ ಬಂಡೆಗಳ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಇನ್ನು ಯಾವ ಹಳ್ಳಿಗಾದರೂ ಹೊತ್ತಿಗೆ ಸರಿಯಾಗಿ ಮುಟ್ಟಬಹುದು ಎಂದು ಆಕೆ ಎರಡು ಮೂರು ಸಲ ಹೇಳಿದಳು. ನೀರಿನಲ್ಲಿ ಕಾಲು ಬಿಟ್ಟು ಕುಳಿತ ಅತ್ಯಾನ ಆ ದಿನದ ಮುಖ ನನ್ನ ಹತ್ತಿರ ಇದೆ. ಈ ಬರಹದಲ್ಲಿ ಹೇಸಿಗೆಯಿಲ್ಲದೆ ನೆನೆಯಬಲ್ಲದ್ದು ಅದೊಂದೇ ದಿನ.

ಅಪ್ಪ ಇಡೀ ಊರಿಗೆ ಬೆರಕೆ ಪೆಟ್ರೋಲ್ ಹಾಕುತ್ತಿದ್ದರೂ ಅಕ್ಕನ ಕಾರಿಗೆ ಮಾತ್ರ ಶುದ್ಧವಾದದ್ದನ್ನು ಒಂದು ಕ್ಯಾನಿನಲ್ಲಿ ಬೇರೆ ತೆಗೆದಿಡಿಸುತ್ತಿದ್ದ. ಟ್ಯಾಂಕರಿನಿಂದ ಹೊಸ ಮಾಲು ಇಳಿದ ಕೂಡಲೇ, ಬ್ಯಾರಲ್ಲುಗಳು ಬರುವುದಕ್ಕೆ ಮೊದಲು, ಭೀಮಣ್ಣ ಆ ಕ್ಯಾನು ತುಂಬುತ್ತಿದ್ದ. ಅಪ್ಪನಲ್ಲಿ ಉಳಿದಿದ್ದ ನಾಚಿಕೆ ಅಷ್ಟೇ ಎಂದು ಕಾಣುತ್ತದೆ. ದೇವಸುಗೂರಿನಿಂದ ಬಂದ ಮೂರು ನಾಲ್ಕು ದಿನಕ್ಕೆ, ಮಧ್ಯಾಹ್ನ ನಾನು ಹಿಂದಿನ ಬಾಗಿಲಲ್ಲಿ ಕುಂಟಬಿಲ್ಲೆಯ ಮನೆ ಬರೆಯುತ್ತಿದ್ದಾಗ ಅಪ್ಪನ ದನಿ ಕೇಳಿಸಿತು.

“ಭೀಮಣ್ಣ, ಇನ್ನ ಆ ಕ್ಯಾನ್ ಬ್ಯಾರೆ ಇಡೂದು ಬ್ಯಾಡ. ಹೊಸಾ ಕಾರ್ಬೇಟರ್ ಹಾಕ್ಸ್ಯಾಳ, ದೊಡ್ಡದು. ಏನ್ ಹಾಕಿದ್ರೂ ನುಂಗತದ.”

“ಧಣ್ಯಾರ, ಅಕ್ಕಾರ ಗಾಡಿರೀ ಅದು…”

“ಹೇಳಿದಷ್ಟು ಮಾಡು.”

ಅಪ್ಪ ತಿರುಗಿದಾಗ ನನ್ನನ್ನು ನೋಡಿದ. ತಾಕೀತು ಮಾಡುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಅವನ ಕಣ್ಣಿಗೆ ಆ ಮನೆಯಲ್ಲಿ ಎಲ್ಲರೂ ಅಂಜುತ್ತಿದ್ದರು. ಅತ್ಯಾನ ಮನೆಗೆ ನಾನು ಅಂದು ಸಂಜೆಯೂ ಹೋದೆ, ಮರುದಿನವೂ ಹೋದೆ. ಎರಡು ಸಲವೂ ಕೇಳಿದ್ದನ್ನು ಹೇಳದೆ ಹಿಂದಿರುಗಿದೆ. ಹದಿನೈದು ದಿನದಲ್ಲಿ ಕಾರು ಮತ್ತೆ ಮುಗ್ಗರಿಸತೊಡಗಿತು. ಹಿಂದೆ ಕಪ್ಪು ಹೊಗೆ. ಬಿಸಿಯಾಗಿ ನಿಂತರೆ ಮತ್ತೆ ಏಳುತ್ತಿರಲಿಲ್ಲ. ಹೊಸದು ಇನ್ನೂ ಹೊಂದಿಕೊಳ್ಳಬೇಕು ಎಂದು ಅತ್ಯಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಆಮೇಲೆ ಮಸರಕಲ್ಲಿನ ದಿನ. ಶಾಲೆ ಶುರುವಾಗಲು ಇನ್ನೂ ಒಂದು ವಾರವಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಹಳ್ಳಿಯಿಂದ ಒಬ್ಬಾತ ಸೈಕಲ್ ಮೇಲೆ ಬೆವರು ಸುರಿಸುತ್ತಾ ಬಂದ. ಹೆಂಡತಿ ಹನುಮವ್ವನಿಗೆ ಮೊದಲನೆಯ ಹೆರಿಗೆ, ಹಿಂದಿನ ದಿನದಿಂದ ಬೇನೆ, ಕೂಸು ಅಡ್ಡ ತಿರುಗಿದೆಯೆಂದು ಸೂಲಗಿತ್ತಿ ಕೈಚೆಲ್ಲಿದ್ದಾಳೆ ಎಂದ. ಅತ್ಯಾ ಪಂಪಿನಲ್ಲಿ ಪೆಟ್ರೋಲ್ ಹಾಕಿಸಿ, ನನ್ನನ್ನೂ ಅವನನ್ನೂ ಕೂಡಿಸಿಕೊಂಡು ಹೊರಟಳು. ಭೀಮಣ್ಣ ಪೈಪು ಹಿಡಿದು ಬೇರೆ ಕಡೆ ಮುಖ ಮಾಡಿ ನಿಂತಿದ್ದ. ಅರ್ಧ ದಾರಿಗಿಂತ ಸ್ವಲ್ಪ ಮುಂದೆ, ಎರಡೂ ಕಡೆ ಉತ್ತಿಟ್ಟ ಕರಿ ಹೊಲಗಳ ನಡುವೆ, ಕಾರು ನಾಲ್ಕು ಸಲ ಜಗ್ಗಿ ನಿಂತಿತು. ಅತ್ಯಾ ಹ್ಯಾಂಡಲ್ ತಿರುವಿದಳು. ಹನುಮವ್ವನ ಗಂಡ ತಿರುವಿದ. ಮುಚ್ಚಳ ಎತ್ತಿ, ಮಿಸ್ತ್ರಿ ತೋರಿಸಿಕೊಟ್ಟಂತೆ ಪೆಟ್ರೋಲಿನ ಪೈಪು ಬಿಚ್ಚಿ ಊದಿದಳು. ಕೈತುಂಬ, ಸೀರೆತುಂಬ ಆ ಎಣ್ಣೆ. ಆ ಬಿಸಿಲಿನಲ್ಲಿ ನನಗೆ ನಮ್ಮ ಮನೆಯ ಹಿಂದಿನ ಕೋಣೆಯ ಬಾಗಿಲು ತೆರೆದಂತಾಯಿತು. ಅತ್ಯಾ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದ್ದನ್ನು ನೋಡಿದೆ. ಆಮೇಲೆ ಚೀಲ ಎತ್ತಿಕೊಂಡು ನಡೆಯತೊಡಗಿದಳು. ನಾವು ಹಿಂದೆ ಓಡಿದೆವು. ಬಹಳ ಹೊತ್ತಿಗೆ ಎತ್ತಿನ ಗಾಡಿಯೊಂದು ಸಿಕ್ಕಿತು.

ಹನುಮವ್ವನ ಮನೆ ಮುಟ್ಟಿದ ಮೇಲೂ ಅತ್ಯಾ ಕೂಡಲೇ ಒಳಗೆ ಹೋಗುವಂತಿರಲಿಲ್ಲ. ಕೈಯ ಜಿಡ್ಡು ಹೋಗಬೇಕಿತ್ತು. ನಾನು ನೀರು ಹಾಕಿದೆ, ಆಕೆ ಸಾಬೂನು ತಿಕ್ಕಿದಳು, ಮತ್ತೆ ತಿಕ್ಕಿದಳು, ಬೂದಿ ತರಿಸಿ ತಿಕ್ಕಿದಳು. ಒಳಗಿನಿಂದ ಬರುತ್ತಿದ್ದ ಕೂಗು ಕ್ಷೀಣವಾಗುತ್ತಿತ್ತು. ನಮ್ಮಪ್ಪನ ಎಣ್ಣೆ ಅತ್ಯಾನ ಕೈ ಬಿಟ್ಟು ಹೋಗಲೊಲ್ಲದು. ಆ ಚರಿಗೆ ಹಿಡಿದು ನಿಂತ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಮಧ್ಯಾಹ್ನ ಅತ್ಯಾ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು, “ಅರ್ಧ ತಾಸು ಮೊದಲ ಬಂದಿದ್ರ” ಎಂದಳು, ಯಾರಿಗೂ ಅಲ್ಲ. ಸೂಲಗಿತ್ತಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟನ್ನು ನನ್ನ ಪಕ್ಕದಲ್ಲೇ ಇಟ್ಟು ನೀರಿಗೆ ಹೋದಳು. ಬಟ್ಟೆ ಸರಿದಿತ್ತು. ನಾನು ನೋಡಿದೆ.

ಸುದ್ದಿ ಊರಿಗೆ ಬಂದ ಕೂಡಲೇ ಅಪ್ಪ ತಾನೇ ಮುಂದಾಗಿ ರಾಯಚೂರಿಗೆ ಹೇಳಿಕಳಿಸಿ ಖಾಜಾ ಮಿಸ್ತ್ರಿಯನ್ನು ಕರೆಸಿದ. ಎತ್ತು ಕಟ್ಟಿ ಎಳೆದು ತಂದ ಕಾರು ದವಾಖಾನೆಯ ಮುಂದೆ ನಿಂತಿತ್ತು, ಸುತ್ತ ಓಣಿಯ ಜನ. ಮಿಸ್ತ್ರಿ ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದರು. ತಳದಲ್ಲಿ ಬ್ಯಾರಲ್ಲಿನ ತುಕ್ಕಿನ ಪುಡಿ. ಜೆಟ್ಟಿನ ತೂತು ಅದರಿಂದಲೇ ಮುಚ್ಚಿಹೋಗಿತ್ತು. ಬಟ್ಟಲಿನ ದ್ರವವನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ತಲೆ ಎತ್ತಿ ಅಪ್ಪನನ್ನು ನೋಡಿದರು.

“ಏನ್ ನೋಡ್ತಿ? ಡಾಕ್ಟರಿಗೆ ಗುಜರಿ ಮಾಲು ಹಾಕಿ ಒಂದು ಕೂಸಿನ ಜೀವಾ ತಗೊಂಡಿ” ಎಂದು ಅಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ.

ಮಿಸ್ತ್ರಿ ನನ್ನ ಕಡೆ ತಿರುಗಿ ನೋಟ್‌ಬುಕ್ಕಿನ ಒಂದು ಹಾಳೆ ಕೇಳಿದರು. ಅದರ ಮೇಲೆ ಬಟ್ಟಲಿನಿಂದ ಒಂದು ಹನಿ ಬಿಟ್ಟು ಬಿಸಿಲಿಗೆ ಹಿಡಿದರು. “ಪೆಟ್ರೋಲ್ ಆಗಿದ್ರ ಹಾರಿ ಹೋಗತದ ಅಮ್ಮಾ, ಹಾಳಿ ಕೋರಾ ಉಳಿಯತದ. ನೀವ ನೋಡ್ರಿ.” ಕಾದೆವು. ಹನಿ ಹಾರಲಿಲ್ಲ. ಅಗಲವಾಗಿ ಹರಡಿ ಎಣ್ಣೆಯ ಕಲೆಯಾಗಿ ನಿಂತಿತು. ಅಪ್ಪ ಆ ಹಾಳೆಯನ್ನು ಕಸಿದು ಹರಿದು ಎಸೆದ. ಮಿಸ್ತ್ರಿಯ ಕೈಯ ಜಿಡ್ಡೇ ಹಾಳೆಗೆ ಹತ್ತಿದೆ ಎಂದ. ಅತ್ಯಾ ಅವನ ಕಡೆ ನೋಡದೆ ನನ್ನನ್ನು ಕೇಳಿದಳು.

“ಪದ್ಮಿ, ನಿಮ್ಮ ಪಂಪಿನ್ಯಾಗ ನೀ ಏನರೆ ನೋಡೀಯೇನು?”

ಅಪ್ಪ ಅಲ್ಲೇ ನಿಂತಿದ್ದ. “ಇಲ್ಲ ಅತ್ಯಾ” ಅಂದೆ.

ಖಾಜಾ ಮಿಸ್ತ್ರಿ ಜೆಟ್ಟನ್ನು ಊದಿ, ತೊಳೆದು, ಎಲ್ಲವನ್ನೂ ಮೊದಲಿನಂತೆ ಜೋಡಿಸಿದರು. ಅವಮಾನವಾದ ಮೇಲೂ ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ. ಸಾಮಾನುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು, ಜನ ಬಿಟ್ಟ ದಾರಿಯಲ್ಲಿ ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋದರು. ಭಾಗಗಳನ್ನು ತೊಳೆಯಲು ಅವರು ರಾಯಚೂರಿನಿಂದ ತಂದಿದ್ದ ಪೆಟ್ರೋಲಿನ ಸಣ್ಣ ಬಾಟಲಿಯೊಂದು ಕಾರಿನ ಪಕ್ಕದಲ್ಲೇ ಉಳಿದಿತ್ತು. ಸಂಜೆ ಅತ್ಯಾ ಆ ಬಾಟಲಿಯನ್ನೂ ಕಾರಿನ ಟ್ಯಾಂಕಿನಿಂದ ತೆಗೆದ ಒಂದಿಷ್ಟನ್ನೂ ಮೇಜಿನ ಮೇಲೆ ಇಟ್ಟು, ಎರಡು ಹಾಳೆಗಳ ಮೇಲೆ ಒಂದೊಂದು ಹನಿ ಬಿಟ್ಟಳು. ಬಾಟಲಿಯ ಹನಿ ಬಿದ್ದ ಹಾಳೆ ನೋಡುತ್ತಿದ್ದಂತೆ ಒಣಗಿ ಬಿಳಿಯಾಯಿತು. ಇನ್ನೊಂದರ ಮೇಲೆ ಎಣ್ಣೆಯ ಕಲೆ ಉಳಿಯಿತು.

“ನಿನಗ ಗೊತ್ತಿತ್ತು” ಅಂದಳು. ಕೇಳಿದ್ದಲ್ಲ, ಹೇಳಿದ್ದು. ನಾನು ಅಳಲು ಶುರುಮಾಡಿದೆ. “ಅಳಬ್ಯಾಡ. ಹೋಗಿ ಕೈ ತೊಳಕೋ” ಅಂದಳು, ಅಷ್ಟೆ.

ನನ್ನನ್ನು ಕರೆದುಕೊಂಡು ನಡೆದೇ ನಮ್ಮ ಮನೆಗೆ ಬಂದಳು. ಅಪ್ಪ ಆಗಷ್ಟೇ ಸಂಧ್ಯಾವಂದನೆ ಮುಗಿಸಿ ಊಟಕ್ಕೆ ಕುಳಿತಿದ್ದ. ಅತ್ಯಾ ಎರಡೂ ಹಾಳೆಗಳನ್ನು ಅವನ ಎಲೆಯ ಮುಂದೆ ಇಟ್ಟಳು. ಅವನು ನೋಡಿದ. ನಾಚುತ್ತಾನೆ, ಸಿಟ್ಟಾಗುತ್ತಾನೆ, ಕೊನೆಗೆ ಸುಳ್ಳಾದರೂ ಹೇಳುತ್ತಾನೆ ಎಂದು ನಾನು ಕಾದ ಆ ಗಳಿಗೆ ಈಗಲೂ ಮುಗಿದಿಲ್ಲ. “ಎಲ್ಲಾರೂ ಮಾಡ್ತಾರ. ನಾನೊಬ್ಬಾವನ ಏನು?” ಎಂದು, ಅಮ್ಮನಿಗೆ ತುಪ್ಪ ಬಡಿಸಲು ಕೈ ಮಾಡಿ, ಅನ್ನ ಕಲಸಿದ. ಉಂಡ. ಹಾಳೆಯ ಮೇಲೆ ಸಾರಿನ ಹನಿ ಬಿತ್ತು. ಅತ್ಯಾ ಬಾಗಿಲಿಗೆ ಹೋಗಿ ತಿರುಗಿ ನಿಂತು, “ನಿನ್ನ ಮನಿ ನೀರು ಇನ್ನ ನಾ ಮುಟ್ಟಂಗಿಲ್ಲ” ಅಂದಳು. ಸಾಯುವ ತನಕ ಮುಟ್ಟಲಿಲ್ಲ.

ಮರುವಾರ ನಾವಿಬ್ಬರೂ ಬಸ್ಸಿನಲ್ಲಿ ರಾಯಚೂರಿಗೆ ಹೋದೆವು. ಮಿಸ್ತ್ರಿ ಲಾರಿಯೊಂದರ ಕೆಳಗೆ ಮಲಗಿದ್ದರು. ಹೊರಗೆ ಬಂದಾಗ ಅತ್ಯಾ ನಡುರಸ್ತೆಯಲ್ಲೇ ಕೈಮುಗಿದಳು. ಅವರು ಗಾಬರಿಯಾಗಿ, “ಅರೆ, ಏನಮ್ಮಾ ಇದು, ಬಿಡ್ರಿ” ಎಂದು ಸ್ಟೂಲು ಒರೆಸಿ ಕೊಟ್ಟರು. ನಾನೂ ಏನೋ ಹೇಳಬೇಕಿತ್ತು. ಅವರೇ ನನ್ನನ್ನು ನೋಡಿ, “ಸಣ್ಣಾಕಿ, ಬಿಡ್ರಿ” ಅಂದರು. ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ನನ್ನ ಬಗ್ಗೆಯೇ ಹೇಸಿಗೆಯಾಯಿತು. ಕಾರನ್ನು ಮತ್ತೆ ಸರಿಮಾಡಿಕೊಡುತ್ತೇನೆ ಎಂದರು. ಅತ್ಯಾ ಬೇಡವೆಂದಳು. ಅದರ ಹ್ಯಾಂಡಲ್ ಹಿಡಿಯಲು ತನ್ನಿಂದಾಗದು ಎಂದಳು. ಪಂಪಿನ ಬೆರಕೆಯ ಬಗ್ಗೆ ಆಕೆ ಸರ್ಕಾರಕ್ಕೆ ಬರೆದ ಅರ್ಜಿಗೆ ಒಬ್ಬ ಅಧಿಕಾರಿ ಬಂದ. ನಮ್ಮ ಪಡಸಾಲೆಯಲ್ಲಿ ಕುಳಿತು ಉಪ್ಪಿಟ್ಟು ತಿಂದ, ಅಪ್ಪನ ಆಚಾರವನ್ನು ಹೊಗಳಿದ, ಹೋದ. ಆ ಉಪ್ಪಿಟ್ಟನ್ನು ಬಡಿಸಿದವಳೂ ನಾನೇ.

ಅತ್ಯಾ ಅಂದಿನಿಂದ ಬಸ್ಸಿಗೆ ಕಾದು ಹಳ್ಳಿಗಳಿಗೆ ಹೋದಳು. ದಿನ ತುಂಬಿದವರ ಮನೆಗೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳುತ್ತಿದ್ದಳು. ಕಾರು ಬೇವಿನ ಕೆಳಗೆ ಎಂಬತ್ತರ ದಶಕ ಕಂಡು, ಕೋಳಿಗಳ ಗೂಡಾಗಿ, ಒಂದು ದಿನ ಗುಜರಿಯವರ ಪಾಲಾಯಿತು. ಮಿಸ್ತ್ರಿ ಅರದಿಂದ ಉಜ್ಜಿದ ಆ ಅಲ್ಯುಮಿನಿಯಂ ತುಂಡೂ ಅದರ ಜೊತೆಗೇ ಹೋಯಿತು. ಅಪ್ಪ ಯಾವ ರೋಗವೂ ಇಲ್ಲದೆ, ಯಾವ ಶಿಕ್ಷೆಯೂ ಇಲ್ಲದೆ ಮುದುಕನಾದ. ಅವನು ನನ್ನನ್ನು ಪ್ರೀತಿಸುತ್ತಿದ್ದ ಎಂಬುದು ನಿಜ. ಜ್ವರ ಬಂದಾಗ ಹಣೆಯ ಮೇಲೆ ಅದೇ ಕೈ ಇಡುತ್ತಿದ್ದ, ನಾನು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆ. ಈಗ ಅಪ್ಪ, ಅಮ್ಮ, ಅತ್ಯಾ, ಖಾಜಾ ಮಿಸ್ತ್ರಿ ಯಾರೂ ಇಲ್ಲ. ಪಂಪು ಮುಚ್ಚಿ ಎಷ್ಟೋ ಕಾಲವಾಯಿತು. ಮಾಳಿಗೆ ಕುಸಿದ ಜಾಗದಲ್ಲಿ ಯಾರದೋ ಅಂಗಡಿಗಳ ಸಾಲು ಎದ್ದಿದೆ. ಆ ಮನೆ ಹೋಯಿತೆಂದು ನನಗೆ ದುಃಖವಿದೆಯೇ ಎಂದು ಕೇಳಿದರೆ, ಇದೆ. ಅಂಥ ಮನೆಗೂ ದುಃಖಪಡಬೇಕಾಗುತ್ತದಲ್ಲ ಎಂಬ ಹೇಸಿಗೆಯೂ ಇದೆ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಎಂಬತ್ತರ ದಶಕದ ಕೊನೆಗೆ, ನನಗೆ ಹೊಸದಾಗಿ ಶಿಕ್ಷಕಿಯ ಕೆಲಸ ಸಿಕ್ಕ ವರ್ಷ, ಅತ್ಯಾನ ಜೊತೆ ಮಸರಕಲ್ಲಿಗೆ ಹೋಗಿದ್ದೆ. ಆಕೆ ಮುದುಕಿಯೊಬ್ಬಳನ್ನು ನೋಡಲು ಮುಂದಿನ ಓಣಿಗೆ ಹೋದಳು. ನಾನು ಹನುಮವ್ವನ ಮನೆಯ ಕಟ್ಟೆಯ ಮೇಲೆ ಕುಳಿತೆ. ಹನುಮವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಮೇಲೆ ಹುಟ್ಟಿದ ಅವಳ ಇಬ್ಬರು ಹೆಣ್ಣುಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ಕೊನೆಗೆ ಹೇಳಿಬಿಟ್ಟೆ. ಅವತ್ತು ಗಾಡಿ ನಿಂತದ್ದು ನಮ್ಮ ಪಂಪಿನ ಎಣ್ಣೆಯಿಂದ, ಅದು ನನಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ ಎಂದೆ.

ಮೊರ ನಿಲ್ಲಲಿಲ್ಲ. “ಎಣ್ಣಿದು ನನಗ ಗೊತ್ತದ ಅವ್ವಾರ. ಆಗ ಹದಿನೈದು ದಿನಕ್ಕ ಡಾಕ್ಟರಮ್ಮ ಬಂದು ಹೇಳಿದ್ರು. ಇಲ್ಲೇ ಕುಂತಿದ್ರು. ನನ್ನ ತಮ್ಮ ಮಾಡಿದ ಪಾಪ ಅಂತ ಅಳಾಕತ್ತಿದ್ರು. ನಾನ ನೀರು ಕೊಟ್ಟೆ.”

“ಸಿಟ್ಟು ಬರಲಿಲ್ಲೇನು?”

“ಯಾಕ ಬರಂಗಿಲ್ಲ? ಈಗೂ ಬರತದ.” ಆಕೆ ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ ಮೊದಲ ಸಲ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. “ಅವತ್ತ ನನಗ ಎಚ್ಚರ ಇರಲಿಲ್ಲ. ನನಗ ತೋರಿಸಲಾರದ ಮಣ್ಣು ಮಾಡಿ ಬಂದ್ರು. ನೀವು ಕಟ್ಟಿಮ್ಯಾಲ ಕುಂತಿದ್ರಂತ. ನೀವೇನರ ನೋಡಿದ್ರೇನ್ರಿ ಅದನ್ನ?”

“ನೋಡಿದ್ದೆ.”

“ಹೆಂಗಿತ್ತು?”

ಹೇಳಿದೆ. ತಲೆ ತುಂಬ ಕಪ್ಪು ಕೂದಲಿತ್ತು, ಹಣೆಯವರೆಗೆ ಇಳಿದಿತ್ತು. ಬಲಗೈ ಮುಷ್ಟಿ ಮಾಡಿಕೊಂಡಿತ್ತು, ಎಡಗೈ ಬಿಚ್ಚಿತ್ತು. ಮೂಗು ಸ್ವಲ್ಪ ಅಗಲ. ಬಾಯಿ ಸಣ್ಣದು. ಹೆಣ್ಣುಕೂಸು. ನಿದ್ದೆ ಬಂದ ಹಾಗಿತ್ತು.

ಅತ್ಯಾ ಓಣಿಯಿಂದ ಕರೆಯುತ್ತಿದ್ದಳು, ಬಸ್ಸಿನ ಹೊತ್ತಾಗಿತ್ತು. ಹನುಮವ್ವ ಮೊರವನ್ನು ಕೆಳಗಿಟ್ಟು, ಹತ್ತಿರ ಸರಿದು ಕುಳಿತು, “ಇನ್ನೊಮ್ಮಿ ಹೇಳ್ರಿ” ಅಂದಳು.

ನಾನು ಇನ್ನೊಮ್ಮೆ ಹೇಳಿದೆ.